ಕೆರೆ ಕರೆದ ಹುಡುಗಿ

ಅಬ್ಬಿಗೆರೆಯಲ್ಲಿ ಮಧ್ಯಾಹ್ನದ ಹೊತ್ತು ಯಾರೂ ಮಕ್ಕಳನ್ನು ಹೆಸರು ಹಿಡಿದು ಕೂಗುತ್ತಿರಲಿಲ್ಲ.

ಬೆಳಿಗ್ಗೆ ಕೂಗುತ್ತಿದ್ದರು, ಸಂಜೆ ಕೂಗುತ್ತಿದ್ದರು. ಆದರೆ ಹೊತ್ತು ನೆತ್ತಿಗೆ ಬಂದು, ಗಾಳಿ ನಿಂತು, ಕೆರೆಯ ನೀರು ತಗಡಿನ ಹಾಗೆ ಬೆಳ್ಳಗೆ ಹೊಳೆಯತೊಡಗಿದ ಮೇಲೆ ತಾಯಂದಿರು ಬಾಯಿ ಬಿಗಿಹಿಡಿಯುತ್ತಿದ್ದರು. ಮಗು ಬೇಕಾದರೆ ತಾವೇ ಎದ್ದು ಹೋಗಿ ಕೈ ಹಿಡಿದು ಕರೆತರುತ್ತಿದ್ದರು. ಆ ಹೊತ್ತಿನಲ್ಲಿ ಕೆರೆಯೂ ಮಕ್ಕಳನ್ನು ಕರೆಯುತ್ತದೆ ಎಂದು ಊರವರು ನಂಬಿದ್ದರು. ಅದು ಕರೆಯುವುದು ತಾಯಿಯ ದನಿಯಲ್ಲಿ.

ಐದು ವರ್ಷದಲ್ಲಿ ಆ ಕೆರೆಯಲ್ಲಿ ನಾಲ್ಕು ಮಕ್ಕಳು ಸತ್ತಿದ್ದವು. ಮೂರನೆಯವನು ಬ್ಯಾಟರಾಯಪ್ಪ, ಮುನಿವೆಂಕಟಮ್ಮ ದಂಪತಿಯ ಹಿರಿಮಗ ಚಿಕ್ಕಬೈರಪ್ಪ. ಎಂಟು ವರ್ಷದ ಹುಡುಗ. ಸಾವಿರದ ಒಂಬೈನೂರ ಐವತ್ತೆಂಟರ ಮಳೆಗಾಲ ಮುಗಿಯುವ ಹೊತ್ತಿಗೆ, ಏರಿಯ ಕೆಳಗೆ ಆಡು ಮೇಯಿಸುತ್ತಿದ್ದವನು ಇದ್ದಕ್ಕಿದ್ದ ಹಾಗೆ ಎದ್ದು ನಿಂತನಂತೆ. "ನಮ್ಮವ್ವ ಕರೀತಾವ್ಳೆ" ಎಂದು ಜೊತೆಯವರಿಗೆ ಹೇಳಿ ನೀರಿನ ಕಡೆ ನಡೆದನಂತೆ. ಮೊಣಕಾಲು ಮಟ್ಟದ ನೀರಿನಲ್ಲಿ ಹತ್ತು ಹೆಜ್ಜೆ ಹೋದವನು ಹನ್ನೊಂದನೆಯ ಹೆಜ್ಜೆಗೆ ಕಾಣಲಿಲ್ಲ.

ಆ ಹೊತ್ತಿನಲ್ಲಿ ಮುನಿವೆಂಕಟಮ್ಮ ಐದು ಮೈಲಿ ದೂರದ ಯಶವಂತಪುರದಲ್ಲಿ ಸೊಪ್ಪಿನ ಕುಕ್ಕೆ ಮುಂದಿಟ್ಟುಕೊಂಡು ಕೂತಿದ್ದಳು.

"ನಿಜವಾಗ್ಲೂ ಕೇಳಿಸ್ತು ಕಣತ್ತೆ," ಎಂದು ಜೊತೆಗಿದ್ದ ಹುಡುಗರು ಅತ್ತುಕೊಂಡು ಹೇಳಿದರು. "ನಿನ್ ದನೀನೇ. ನಮ್ಗೂ ಕೇಳಿಸ್ತು."

ಆ ಮಾತು ಮುನಿವೆಂಕಟಮ್ಮನ ಎದೆಯೊಳಗೆ ಹೊಕ್ಕು ಅಲ್ಲೇ ಕೂತುಬಿಟ್ಟಿತು. ಮಗ ಹೋದದ್ದು ಒಂದು ನೋವು. ತನ್ನ ದನಿಯೇ ಅವನನ್ನು ಕರೆದೊಯ್ದಿತಲ್ಲ ಎಂಬುದು ಬೇರೆಯೇ ನೋವು. ಉಳಿದವಳು ಒಬ್ಬಳೇ ಮಗಳು ಮುನಿನಾರಾಯಣಮ್ಮ. ಮನೆಯಲ್ಲಿ ನಾರಾಣಿ ಎನ್ನುತ್ತಿದ್ದರು. ಆ ಹುಡುಗಿಯನ್ನು ತಾಯಿ ಕೆರೆಯ ಕಡೆಗಿರಲಿ, ಬಾವಿಕಟ್ಟೆಯ ಹತ್ತಿರವೂ ಬಿಡಲಿಲ್ಲ.

ಮೂರು ವರ್ಷ ಹೀಗೇ ಕಳೆಯಿತು.

ಅರವತ್ತೊಂದನೆಯ ಇಸವಿಯ ಬೇಸಿಗೆಯಲ್ಲಿ ಊರಿನ ಪಂಚಾಯ್ತಿಯವರು ಒಂದು ಈಜುಕೊಳ ಕಟ್ಟಿಸಿದರು. ಚೇರ್ಮನ್ ದೊಡ್ಡಮುನಿಯಪ್ಪ ತನ್ನ ತೋಟದ ಮೂಲೆಯಲ್ಲಿ ಜಾಗ ಬಿಟ್ಟುಕೊಟ್ಟ. ಬ್ಲಾಕ್ ಆಫೀಸಿನವರು ಸಿಮೆಂಟು ಕೊಟ್ಟರು. ಊರವರು ಶ್ರಮದಾನ ಮಾಡಿ ಅಗೆದರು. ಒಂದು ತುದಿಯಲ್ಲಿ ಮಕ್ಕಳ ಸೊಂಟದಷ್ಟು ನೀರು, ಇನ್ನೊಂದು ತುದಿಯಲ್ಲಿ ಆಳೆತ್ತರ. ನಡುವೆ ಅಡ್ಡಕ್ಕೆ ದಪ್ಪನೆ ಹಗ್ಗ. ಪಂಪ್‌ಸೆಟ್ಟಿನಿಂದ ನೀರು ತುಂಬಿಸಿ, ಒಂದು ವಾರವಾದ ಮೇಲೆ ಅದೇ ನೀರನ್ನು ದ್ರಾಕ್ಷಿ ತೋಟಕ್ಕೆ ಬಿಡುತ್ತಿದ್ದರು.

ಗಂಡುಮಕ್ಕಳಿಗೆ ಕಲಿಸಲು ಗುಲಾಮ್ ರಸೂಲ್ ಎಂಬಾತ ಬಂದ. ಸೈನ್ಯದಲ್ಲಿದ್ದು ಹೊಳೆಗಳಿಗೆ ಸೇತುವೆ ಕಟ್ಟಿದವನು, ನಿವೃತ್ತನಾಗಿ ಊರಿನ ಅಂಚಿನಲ್ಲಿ ಮನೆ ಮಾಡಿದ್ದ. ಹೆಣ್ಣುಮಕ್ಕಳಿಗೆ ಕಲಿಸಲು ಅವನ ಹೆಂಡತಿ ಜಾಹಿದಾ. ಅವಳು ಶ್ರೀರಂಗಪಟ್ಟಣದ ಗಂಜಾಮಿನವಳು. ಕಾವೇರಿಯ ದಡದಲ್ಲೇ ಬೆಳೆದವಳು. ಕಚ್ಚೆ ಹಾಕಿದಂತೆ ಸೀರೆ ಬಿಗಿದು ನೀರಿಗಿಳಿದರೆ ಒಂದಿಷ್ಟೂ ಸದ್ದಾಗುತ್ತಿರಲಿಲ್ಲ. ಹೆಣ್ಣುಮಕ್ಕಳ ಹೊತ್ತಿನಲ್ಲಿ ಕೊಳದ ಸುತ್ತ ಗೋಣಿತಾಟಿನ ಮರೆ ಕಟ್ಟುತ್ತಿದ್ದರು.

ಜಾಹಿದಾ ಮನೆಮನೆಗೆ ಹೋಗಿ ಮಕ್ಕಳನ್ನು ಕರೆದಳು. ಮುನಿವೆಂಕಟಮ್ಮನ ಮನೆಗೂ ಬಂದಳು.

"ಅಕ್ಕಾ, ನಾರಾಣೀನ ಕಳ್ಸು. ಒಂಬತ್ತು ವರ್ಷ ಆಯ್ತಲ್ಲ, ಇದೇ ಸರಿಯಾದ ವಯಸ್ಸು. ಮೂರು ತಿಂಗಳು ಸಾಕು."

ಮುನಿವೆಂಕಟಮ್ಮ ಕಾಳು ಕೇರುತ್ತಿದ್ದವಳು ಮೊರ ಕೆಳಗಿಟ್ಟಳು. "ನೀನು ಒಸಬಳು, ನಿಂಗೆ ಗೊತ್ತಿಲ್ಲ. ಆ ಕೊಳದ ಇಟ್ಟಿಗೆ ಎಲ್ಲೀದು ಗೊತ್ತಾ? ಕೆರೇಲಿ ಅಗೆದ ಮಣ್ಣು ಸುಟ್ಟು ಮಾಡಿದ್ದು. ನನ್ ಮಗ ಮಲಗಿದ್ದ ಮಣ್ಣು ಅದು. ಅದೇ ಮಣ್ಣಿನ ಗೋಡೆ, ಅದೇ ನೆಲದ ನೀರು. ಅದಕ್ಕೂ ಅದೇ ಬುದ್ಧಿ ಬತ್ತದೆ."

ಜಾಹಿದಾ ನಗಲಿಲ್ಲ. ಮೆಟ್ಟಿಲ ಮೇಲೆ ಕೂತಳು.

"ಅಷ್ಟೇ ಅಲ್ಲ," ಎಂದಳು ಮುನಿವೆಂಕಟಮ್ಮ. "ಈಜು ಕಲಿಸಿದ್ರೆ ಮಗೀಗೆ ನೀರಿನ ಭಯ ಓಗ್ತದೆ. ಭಯ ಓದ್ಮೇಲೆ, ಅದು ಕರೆದ ತಕ್ಷಣ ಓಡಿ ಓಗ್ತಾಳೆ. ಈಗ ಒಂದೀಟು ಎದರಿಕೆ ಆದ್ರೂ ಅದೆ."

"ಅಕ್ಕಾ, ನಿನ್ ಮಗನಿಗೂ ಹೆದರಿಕೆ ಇತ್ತಾ?"

ಬೈರನಿಗೆ ನೀರೆಂದರೆ ಹೆದರಿಕೆಯಿತ್ತು. ತಲೆಗೆ ನೀರು ಹೊಯ್ದರೆ ಕಿರುಚುತ್ತಿದ್ದ.

"ಕೆರೆ ಕರೀತದೋ ಇಲ್ವೋ, ನಂಗೆ ಗೊತ್ತಿಲ್ಲ," ಎಂದಳು ಜಾಹಿದಾ. "ಇಲ್ಲ ಅಂತ ನಿನ್ ಹತ್ರ ವಾದ ಮಾಡಲ್ಲ. ಆದ್ರೆ ಹೋದ ಮಗುಗೆ ವಾಪಸ್ ಬರೋದು ಗೊತ್ತಿರ್ಬೇಕು. ಅದನ್ನ ಮಾತ್ರ ನಾನು ಕಲಿಸ್ತೀನಿ."

ಮುನಿವೆಂಕಟಮ್ಮ ಮೊರ ಎತ್ತಿಕೊಂಡಳು.

ಬ್ಯಾಟರಾಯಪ್ಪನ ಮನಸ್ಸು ಮಾತ್ರ ಕದಲಿತ್ತು. ಮಾರನೆಯ ದಿನ ಅವನು ಗುಲಾಮ್ ರಸೂಲನ ಬಳಿ ಹೋದ. "ಸಾಬರೇ, ಮಗ ಓಗಿದ್ದು ಮೊಣಕಾಲುದ್ದ ನೀರಲ್ಲಿ. ಅಷ್ಟು ನೀರಲ್ಲಿ ಮುಳುಗೋದು ಎಂಗೆ? ಅದಕ್ಕೇ ಊರವ್ರು ಏನೋ ಎಳೀತದೆ ಅಂತಾರೆ."

"ಬನ್ನಿ, ನೋಡೋಣ," ಎಂದು ಗುಲಾಮ್ ರಸೂಲ್ ಹನ್ನೆರಡು ಅಡಿಯ ಬಿದಿರೊಂದನ್ನು ತೆಗೆದುಕೊಂಡ.

ಇಬ್ಬರೂ ಕೆರೆಗೆ ಹೋದಾಗ ಹೊತ್ತು ಏರಿತ್ತು. ಬೇಸಿಗೆಯಾದ್ದರಿಂದ ನೀರು ಹಿಂದೆ ಸರಿದಿತ್ತು. ಮುನಿವೆಂಕಟಮ್ಮ ಮನಸ್ಸು ತಡೆಯದೆ ಹಿಂದೆಯೇ ಬಂದು ಏರಿಯ ಮೇಲೆ ನಿಂತಳು. ಗುಲಾಮ್ ರಸೂಲ್ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಅದರ ತುದಿಯನ್ನು ಬ್ಯಾಟರಾಯಪ್ಪನ ಕೈಗೆ ಕೊಟ್ಟು ನೀರಿಗಿಳಿದ. ಪ್ರತಿ ಹೆಜ್ಜೆಗೂ ಮುಂದೆ ಬಿದಿರು ಊರಿ ನೋಡಿದ. ಮೊಣಕಾಲು. ಮೊಣಕಾಲು. ಮತ್ತೆ ಮೊಣಕಾಲು. ನೀರಿನ ಮೇಲೆ ಒಂದು ಗೆರೆಯೂ ಇಲ್ಲ, ಬಣ್ಣವೂ ಬದಲಾಗಲಿಲ್ಲ. ಇನ್ನೊಮ್ಮೆ ಊರಿದ. ಬಿದಿರು ಇಳಿಯಿತು. ಇಳಿಯುತ್ತಲೇ ಹೋಯಿತು. ಕೊನೆಗೆ ಅವನ ಮುಷ್ಟಿಯೂ ನೀರೊಳಗೆ ಹೋಯಿತು, ತಳ ಸಿಕ್ಕಲಿಲ್ಲ.

ಆಚೆ ದಡದಲ್ಲಿ ಒಂದು ಕೊಕ್ಕರೆ ಅಲುಗಾಡದೆ ನಿಂತಿತ್ತು.

"ಇಟ್ಟಿಗೆಗೆ ಮಣ್ಣು ತೆಗೆದಿರೋ ಗುಂಡಿ," ಎಂದ ಗುಲಾಮ್ ರಸೂಲ್ ದಡಕ್ಕೆ ಬಂದು. "ಗೋಡೆ ಥರ ನೇರವಾಗಿ ಕೊಯ್ದಿದ್ದಾರೆ. ಮಳೆ ಬಂದು ತುಂಬಿದ್ರೆ ಮೇಲಿನಿಂದ ಏನೂ ಕಾಣಲ್ಲ. ಕಾಲಿಟ್ಟವನು ಹನ್ನೆರಡು ಅಡಿಗೂ ಕೆಳಗೆ ಹೋಗ್ತಾನೆ. ಗಾಬರಿಯಲ್ಲಿ ಬಾಯಿ ತೆಗೀತಾನೆ. ಕೂಗೋಕೂ ಆಗಲ್ಲ ಅಣ್ಣ. ಮುಳುಗೋ ಮಗು ಕೂಗಲ್ಲ. ಸದ್ದೇ ಇಲ್ಲದೆ ಹೋಗುತ್ತೆ."

"ಮತ್ತೆ ಆ ದನಿ?" ಎಂದಳು ಮುನಿವೆಂಕಟಮ್ಮ ಏರಿಯ ಮೇಲಿಂದ.

ಗುಲಾಮ್ ರಸೂಲ್ ಸೊಂಟದ ಹಗ್ಗ ಬಿಚ್ಚಿದ. "ಗುಂಡಿ ಇರೋದು ಗೊತ್ತಾಯ್ತು, ಹೇಳಿದೆ. ದನಿ ವಿಷಯ ನನಗೆ ಗೊತ್ತಿಲ್ಲಮ್ಮ. ಗೊತ್ತಿಲ್ಲದ್ದನ್ನ ಹೇಳಲ್ಲ."

ಅವನು ಸುಳ್ಳು ಸಮಾಧಾನ ಹೇಳಿದ್ದರೆ ಮುನಿವೆಂಕಟಮ್ಮ ನಂಬುತ್ತಿರಲಿಲ್ಲವೋ ಏನೋ. ಗೊತ್ತಿಲ್ಲ ಎಂದದ್ದಕ್ಕೇ ಅವಳಿಗೆ ಅವನ ಮೇಲೆ ನಂಬಿಕೆ ಬಂತು. ಆ ಸಂಜೆಯೇ ಅವಳು ಜಾಹಿದಾಳ ಮನೆ ಬಾಗಿಲಲ್ಲಿ ನಿಂತಿದ್ದಳು.

"ಮಗೀನ ಕಳಿಸ್ತೀನಿ. ಆದ್ರೆ ಮೊದ್ಲು ನಾನು ಇಳೀಬೇಕು. ಆ ನೀರು ಎಂಥದು ಅಂತ ನಾನು ನೋಡ್ಬೇಕು."

"ಬಾ ಅಕ್ಕ," ಎಂದಳು ಜಾಹಿದಾ.

ಮರುದಿನ ಗೋಣಿತಾಟಿನ ಮರೆಯೊಳಗೆ ಮುನಿವೆಂಕಟಮ್ಮ ಮೊದಲ ಮೆಟ್ಟಿಲಿಳಿದಳು. ನೀರು ತಣ್ಣಗಿತ್ತು. ಕಾಲಿನ ಕೆಳಗೆ ಸಿಮೆಂಟಿನ ನೆಲ ಗಟ್ಟಿಯಾಗಿ ಸಿಕ್ಕಿತು. ಅವಳು ಗೋಡೆಯನ್ನು ಬಿಡಲಿಲ್ಲ. ನಾರಾಣಿ ಮೇಲೆ ಕೂತು ಕಣ್ಣರಳಿಸಿ ನೋಡುತ್ತಿದ್ದಳು.

"ಈಗ ಹಿಂದಕ್ಕೆ ಒರಗು," ಎಂದಳು ಜಾಹಿದಾ. "ತಲೆ ನನ್ ಕೈಮೇಲಿರುತ್ತೆ. ಹೊಟ್ಟೆ ಮೇಲಕ್ಕೆ ಮಾಡು. ಕೈ ಅಗಲಿಸು. ಉಸಿರು ತುಂಬ್ಕೋ. ನೀರಿನ ಜೊತೆ ಗುದ್ದಾಡ್ಬೇಡ."

ಮುನಿವೆಂಕಟಮ್ಮ ಒರಗಿದಳು. ಕಿವಿಗಳು ನೀರೊಳಗೆ ಹೋದವು. ಹೊರಗಿನ ಲೋಕ ಒಮ್ಮೆಲೇ ನಿಂತುಹೋಯಿತು. ಮೇಲೆ ಬಿಳೀ ಆಕಾಶ. ಕಿವಿಯ ತುಂಬ ಏನೋ ಗುಂಯ್ ಎನ್ನುವ ಸದ್ದು. ಆ ಸದ್ದಿನೊಳಗಿಂದ ಯಾರೋ ಕರೆದ ಹಾಗಾಯಿತು. ಎಳೆ ದನಿ. ಬಹಳ ದೂರದಿಂದ, ಬಹಳ ಹತ್ತಿರದಿಂದ. "ಅವ್ವಾ... ಅವ್ವಾ..."

ಅವಳು ಬೆಚ್ಚಿ ಕೈಕಾಲು ಬಡಿದು, ನೀರು ಕುಡಿದು, ಜಾಹಿದಾಳ ಕುತ್ತಿಗೆಗೆ ಜೋತುಬಿದ್ದಳು.

"ಬೈರ ಕರೆದ!" ಎಂದಳು ಕೆಮ್ಮುತ್ತ.

"ನಾನು ಕರೆದಿದ್ದು ಕಣವ್ವ," ಎಂದಳು ಮೇಲೆ ಕೂತಿದ್ದ ನಾರಾಣಿ. ಅವಳ ಮುಖ ಬಿಳುಚಿಕೊಂಡಿತ್ತು. "ನಿನ್ ಕಣ್ಣು ಒಂಥರಾ ಆಗಿತ್ತು. ಅದಕ್ಕೆ ಕರೆದೆ."

ಜಾಹಿದಾ ಮುನಿವೆಂಕಟಮ್ಮನ ಬೆನ್ನು ಸವರಿದಳು. "ನೀರೊಳಗೆ ಯಾವ ಸದ್ದು ಬಂದ್ರೂ ನಮ್ಮನ್ನೇ ಕರೆದ ಹಾಗೆ ಕೇಳುತ್ತೆ. ನಂಗೂ ಹಾಗೇ. ನಮ್ಮಮ್ಮ ಸತ್ತು ಹನ್ನೆರಡು ವರ್ಷ ಆಯ್ತು, ಕಿವಿ ಮುಳುಗಿದ್ರೆ ಇವತ್ತಿಗೂ ಅವಳ ದನಿ ಕೇಳುತ್ತೆ. ಕೇಳಿದ್ರೆ ಕೇಳ್ಲಿ ಅಕ್ಕ. ನೀನು ಮೊದ್ಲು ಮುಖ ಮೇಲಕ್ಕೆ ತಿರುಗಿಸ್ಬೇಕು, ಉಸಿರಾಡ್ಬೇಕು. ಯೋಚನೆ, ಅಳು, ಉತ್ತರ ಕೊಡೋದು, ಎಲ್ಲಾ ಆಮೇಲೆ."

ಮುನಿವೆಂಕಟಮ್ಮ ಮತ್ತೆ ಒರಗಿದಳು. ಈ ಸಲ ಗುದ್ದಾಡಲಿಲ್ಲ. ಎಷ್ಟೋ ಹೊತ್ತು ಹಾಗೇ ತೇಲಿದಳು. ಕಣ್ಣಿನಿಂದ ಇಳಿದದ್ದು ಕೊಳದ ನೀರೋ ಬೇರೆಯೋ ಎಂದು ಯಾರೂ ಕೇಳಲಿಲ್ಲ.

ಮಾರನೆಯ ದಿನದಿಂದ ನಾರಾಣಿಯ ಪಾಠ ಶುರುವಾಯಿತು. ಮೊದಲ ವಾರ ಈಜೇ ಇಲ್ಲ. ನೀರಲ್ಲಿ ಮುಖ ಮುಳುಗಿಸಿ ಗುಳ್ಳೆ ಬಿಡುವುದು. ಎರಡನೆಯ ವಾರ ಅಂಗಾತ ತೇಲುವುದು. ಆಮೇಲೆ ಗೋಡೆ ಹಿಡಿದು ಕಾಲು ಬಡಿಯುವುದು. ಒಂದು ದಿನ ಜಾಹಿದಾ ಅವಳನ್ನು ಲಂಗ ಕುಪ್ಪಸದ ಸಮೇತ ಆಳಕ್ಕೆ ಇಳಿಸಿದಳು. "ನೀರಿಗೆ ಬೀಳೋ ದಿನ ನೀನು ಬಟ್ಟೆ ಬದಲಾಯಿಸ್ಕೊಂಡು ಬೀಳಲ್ಲ ಮಗಾ," ಎಂದಳು. ನೆನೆದ ಲಂಗ ಕಾಲಿಗೆ ಸುತ್ತಿಕೊಂಡು ಕೆಳಗೆ ಎಳೆಯುವುದನ್ನು ನಾರಾಣಿ ಅವತ್ತು ತಿಳಿದಳು. ಎಳೆದರೂ ತೇಲಬಹುದು ಎನ್ನುವುದನ್ನೂ ತಿಳಿದಳು.

ದೊಡ್ಡವರಿಗೂ ಒಂದು ಪಾಠವಿತ್ತು. ಗುಲಾಮ್ ರಸೂಲ್ ಊರವರನ್ನೆಲ್ಲ ಕೊಳದ ಸುತ್ತ ನಿಲ್ಲಿಸಿದ. "ಮುಳುಗೋರನ್ನ ಕಂಡು ನೀವು ಹಾರಿದ್ರೆ ಅವರು ನಿಮ್ಮ ಕುತ್ತಿಗೆ ಹಿಡೀತಾರೆ. ಒಂದು ಹೆಣದ ಜಾಗದಲ್ಲಿ ಎರಡಾಗುತ್ತೆ. ಹಾರ್ಬೇಡಿ. ಹಗ್ಗ ಎಸೀರಿ, ಬಿದಿರು ಚಾಚಿ, ಏನೂ ಇಲ್ದಿದ್ರೆ ಸೀರೆ ಬಿಚ್ಚಿ ಎಸೀರಿ. ಮಾನ ಆಮೇಲೆ ನೋಡ್ಕೊಳ್ಳೋಣ."

ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕರು. ಮುನಿವೆಂಕಟಮ್ಮ ನಗಲಿಲ್ಲ. ಗಮನವಿಟ್ಟು ಕೇಳಿದಳು.

ಆ ವರ್ಷ ಮಳೆ ಚೆನ್ನಾಗಿ ಬಂತು. ಆಶ್ವಯುಜದ ಹೊತ್ತಿಗೆ ಕೆರೆ ತುಂಬಿ, ಏರಿಯ ಕೆಳಗಿನ ದಾರಿಯ ಅಂಚಿನವರೆಗೂ ನೀರು ನಿಂತಿತು.

ಒಂದು ಮಧ್ಯಾಹ್ನ ಮುನಿವೆಂಕಟಮ್ಮ ಕೆರೆಯ ಪಕ್ಕದ ಹೊಲದಲ್ಲಿ ಹುಲ್ಲು ಕೊಯ್ಯುತ್ತಿದ್ದಳು. ಹುಲ್ಲಿನ ಹೊರೆಗೆಂದು ಹಗ್ಗ ಹೆಗಲ ಮೇಲಿತ್ತು. ಈಜು ಬಂದ ಮೇಲೆ ಮಗಳನ್ನು ಈ ಕಡೆಗೆ ಬಿಡತೊಡಗಿದ್ದಳು. ನಾರಾಣಿ ತಲೆಯ ಮೇಲೆ ಊಟದ ಕುಕ್ಕೆ ಹೊತ್ತು ಕೆರೆಯಂಚಿನ ದಾರಿಯಲ್ಲಿ ಬರುವುದು ದೂರದಿಂದ ಕಂಡಿತು. ಗಾಳಿ ನಿಂತಿತ್ತು. ಹೊಲದಲ್ಲಿ ಒಂದು ಮಿಡತೆಯ ಸದ್ದೂ ಇರಲಿಲ್ಲ.

ನಾರಾಣಿ ನಿಂತಳು. ತಲೆಯನ್ನು ಸ್ವಲ್ಪ ಓರೆ ಮಾಡಿದಳು, ಯಾರದೋ ಮಾತು ಕೇಳಿಸಿಕೊಳ್ಳುವವರ ಹಾಗೆ. ಆಮೇಲೆ ಹೊಲದ ಕಡೆಗಲ್ಲ, ಕೆರೆಯ ಕಡೆಗೆ ತಿರುಗಿ ನಗುತ್ತ ಹೇಳಿದಳು:

"ಬಂದೆ ಅವ್ವಾ."

ಮುನಿವೆಂಕಟಮ್ಮನ ತುಟಿ ಅಲುಗಿರಲಿಲ್ಲ.

ಕುಡುಗೋಲು ಎಸೆದು ಅವಳು ಓಡಿದಳು. ಕೂಗಲು ಬಾಯಿ ತೆರೆದರೆ ದನಿಯೇ ಹೊರಡಲಿಲ್ಲ. ನಾರಾಣಿ ಕುಕ್ಕೆ ಹೊತ್ತುಕೊಂಡೇ ನೀರಿಗಿಳಿದಳು. ಪಾದ, ಮೀನಖಂಡ, ಮೊಣಕಾಲು. ಮುಂದಿನ ಹೆಜ್ಜೆಗೆ ಹುಡುಗಿ ಇರಲಿಲ್ಲ. ಕುಕ್ಕೆ ಮಾತ್ರ ನೀರಿನ ಮೇಲೆ ಮೆಲ್ಲಗೆ ಸುತ್ತುತ್ತಿತ್ತು.

ಮುನಿವೆಂಕಟಮ್ಮ ದಡಕ್ಕೆ ಬಂದಾಗ ನೀರು ಮತ್ತೆ ನುಣ್ಣಗಾಗಿತ್ತು. ಹಾರಿಬಿಡು ಎಂದು ಮೈಯೆಲ್ಲ ಕೂಗಿತು. ಅವಳು ಹಾರಲಿಲ್ಲ. ಅಲ್ಲೇ ಮೊಣಕಾಲೂರಿ, ಹಗ್ಗದ ಒಂದು ತುದಿಯನ್ನು ದಡದ ಹೊಂಗೆ ಮರದ ಬುಡಕ್ಕೆ ಸುತ್ತಿ ಗಂಟು ಹಾಕಿದಳು. ಒಂದು ಗಂಟು ಹಾಕುವುದಕ್ಕೆ ಒಂದು ಯುಗ ಹಿಡಿದಂತಾಯಿತು.

ನೀರು ಸೀಳಿತು. ಮೊದಲು ಒಂದು ಕೈ, ಆಮೇಲೆ ಮುಖ. ನಾರಾಣಿ ಮೇಲೆ ಬಂದವಳು ಕಿರುಚಲಿಲ್ಲ, ಬಡಿದಾಡಲಿಲ್ಲ. ಹಾಗೇ ಅಂಗಾತ ತಿರುಗಿದಳು. ಕೈಗಳು ಅಗಲವಾದವು. ಹೊಟ್ಟೆ ಮೇಲೆ ಬಂತು. ಲಂಗ ಕಾಲಿಗೆ ಸುತ್ತಿಕೊಂಡಿತ್ತು. ಕಣ್ಣು ಆಕಾಶದ ಮೇಲಿತ್ತು, ಎದೆ ಏರಿಳಿಯುತ್ತಿತ್ತು.

"ನಾರಾಣೀ!" ಈಗ ದನಿ ಬಂತು. "ಅಗ್ಗ ಇಡ್ಕೋ! ಅಗ್ಗ!"

ಹಗ್ಗ ಅವಳ ಎದೆಯ ಮೇಲೆ ಬಿತ್ತು. ಹುಡುಗಿ ಹಿಡಿಯಲಿಲ್ಲ. ಒಂದು ಗಳಿಗೆ ಅನುಮಾನದಿಂದ ತಾಯಿಯ ಕಡೆ ಕಣ್ಣು ಹೊರಳಿಸಿ, ದಡದ ಮೇಲೆ ಅವಳ ಮುಖ ಕಂಡ ಮೇಲೇ ಮುಷ್ಟಿ ಬಿಗಿದಳು. ಮುನಿವೆಂಕಟಮ್ಮ ಎಳೆದಳು. ನಾರಾಣಿ ಕಾಲು ಬಡಿದಳು. ಗುಂಡಿಯ ಅಂಚು ದಾಟಿ ಬೆನ್ನಿಗೆ ನೆಲ ತಾಗಿತು.

ತಾಯಿ ಮಗಳನ್ನು ತೊಡೆಯ ಮೇಲೆ ಎಳೆದುಕೊಂಡು ಕೂತಳು. ಸೆರಗಿನಿಂದ ಅವಳ ಮುಖ, ತಲೆ ಒರೆಸಿದಳು.

"ನೀನೇ ತಾನೆ ಕರೆದದ್ದು?" ಎಂದಳು ನಾರಾಣಿ ಕೊನೆಗೆ.

"ಇಲ್ಲ ಕಣವ್ವ."

ಹುಡುಗಿ ಯೋಚಿಸಿದಳು. "ಒಳಗೆ ಓದ್ಮೇಲೆ ಇನ್ನೂ ಜೋರಾಗಿ ಕರೀತಿತ್ತು. ಬಾರೇ, ಬಾರೇ ಅಂತ. ಉತ್ರ ಕೊಡೋಣ ಅನ್ನಿಸ್ತು. ಜಾಹಿದಕ್ಕ ಏಳಿದ್ಲಲ್ಲ, ಮೊದ್ಲು ಮುಖ ಮೇಲಕ್ಕೆ, ಉತ್ರ ಆಮೇಲೆ ಅಂತ. ಅದಕ್ಕೆ ಮೇಲಕ್ಕೆ ತಿರುಗಿದೆ." ಅವಳು ಮೂಗು ಒರೆಸಿಕೊಂಡಳು. "ತಿರುಗಿದ್ಮೇಲೆ ಅದು ಸುಮ್ನಾಯ್ತು."

ಸಂಜೆ ಪಂಚಾಯ್ತಿ ಕಟ್ಟೆಯ ಮುಂದೆ ಊರು ಸೇರಿತು. ದೊಡ್ಡಮುನಿಯಪ್ಪ ತಲೆ ತಗ್ಗಿಸಿ ನಿಂತಿದ್ದ. ಕೆರೆಯ ಮಣ್ಣನ್ನು ಇಟ್ಟಿಗೆ ಗೂಡಿನವರಿಗೆ ಅಗೆಯಲು ಬಿಟ್ಟವನು ಅವನೇ. ಆ ಮಾತನ್ನು ಇಷ್ಟು ವರ್ಷ ಯಾರೂ ಅವನ ಮುಂದೆ ಆಡಿರಲಿಲ್ಲ, ಅವನೂ ಆಡಿರಲಿಲ್ಲ.

"ಗುಂಡಿ ನಂದು," ಎಂದ. "ಕೊಳಕ್ಕೆ ಜಾಗ ಕೊಟ್ಟು ಮನಸ್ಸಿಗೆ ಸಮಾಧಾನ ಮಾಡ್ಕೊಂಡಿದ್ದೆ. ಸಾಲದು. ನೀರು ಇಳಿದ ಕೂಡ್ಲೆ ನಾನೇ ನಿಂತು ಮುಚ್ಚಿಸ್ತೀನಿ. ಅಲ್ಲೀಗಂಟ ಗುಂಡಿ ಸುತ್ತ ಕಲ್ಲುಗೂಟ ನೆಡಿಸ್ತೀನಿ."

"ನೆಡಿಸಿ," ಎಂದಳು ಮುನಿವೆಂಕಟಮ್ಮ. ಅವಳು ಸಭೆಯಲ್ಲಿ ಮಾತಾಡಿದ್ದು ಅದೇ ಮೊದಲು. "ಆದ್ರೆ ಗೂಟ ನೋಡ್ಕೊಂಡು ಕೂತ್ಕೋಬ್ಯಾಡಿ. ನಮ್ಮೂರಲ್ಲಿ ಮೂವತ್ತಾರು ಮಕ್ಕಳವೆ. ಕೊಳಕ್ಕೆ ಬರೋದು ಒಂಬತ್ತೇ. ಮಾರಮ್ಮ, ನಿನ್ ಮಕ್ಕಳೆಲ್ಲಿ? ನಾಳೆ ಕರ್ಕೊಂಡು ಬಾ. ಎದರಿಕೆ ಆದ್ರೆ ಮೊದ್ಲು ನೀನು ಇಳಿ. ತಲೆ ನಾನು ಇಡ್ಕೋತೀನಿ."

ಮಾರಮ್ಮ ಗಂಡನ ಮುಖ ನೋಡಿದಳು. ಆಮೇಲೆ ನಾರಾಣಿಯ ಒದ್ದೆ ಕೂದಲನ್ನು ನೋಡಿದಳು. "ಬತ್ತೀನಿ ಕಣಕ್ಕ," ಎಂದಳು.

ಬೇಸಿಗೆಯ ಹೊತ್ತಿಗೆ ಗುಂಡಿಗಳು ಮುಚ್ಚಿದವು. ಮೂವತ್ತಾರರಲ್ಲಿ ಮೂವತ್ತೊಂದು ಮಕ್ಕಳು ಕೊಳಕ್ಕೆ ಬಂದವು. ಉಳಿದ ಐದು ಬರುವವರೆಗೆ ಮುನಿವೆಂಕಟಮ್ಮ ಆ ಮನೆಗಳ ಬಾಗಿಲು ಬಿಡಲಿಲ್ಲ. ಆ ವರ್ಷದಿಂದ ಈಚೆಗೆ ಅಬ್ಬಿಗೆರೆಯ ಕೆರೆಯಲ್ಲಿ ಒಂದು ಮಗುವೂ ಸತ್ತಿಲ್ಲ. ದನಿ ನಿಂತಿತೇ ಎಂದು ಕೇಳಿದರೆ ಊರವರು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ತಾಯಂದಿರೇ, ತಂದೆಯರೇ, ಈ ಕಥೆ ಓದುತ್ತಿರುವ, ಕೇಳುತ್ತಿರುವ ನೀವು ಹೆಬ್ಬಾಳದವರಿರಬಹುದು, ಯಲಹಂಕದವರಿರಬಹುದು, ಕೆಂಪಾಪುರದವರಿರಬಹುದು. ನಿಮ್ಮೂರಲ್ಲೂ ಕೆರೆಯಿದೆ, ಬಾವಿಯಿದೆ, ಮಣ್ಣು ತೆಗೆದ ಗುಂಡಿಯಿದೆ. ನೀರಿನ ಮೇಲ್ಮೈ ನೋಡಿ ಆಳ ಹೇಳಲು ಯಾರಿಂದಲೂ ಆಗುವುದಿಲ್ಲ. ಹೆದರಿಸಿ ಮನೆಯೊಳಗಿಟ್ಟರೆ ಮಗು ಉಳಿಯುತ್ತದೆ ಎಂದುಕೊಳ್ಳಬೇಡಿ. ಆರೇಳು ವರ್ಷ ತುಂಬಿದ ಮಗುವನ್ನು, ಗಂಡಾಗಲಿ ಹೆಣ್ಣಾಗಲಿ, ಕಲಿಸುವವರ ಕಣ್ಣೆದುರಿಗೆ, ಆಳ ಗೊತ್ತಿರುವ ಕೊಳಕ್ಕೆ ಇಳಿಸಿ. ಮೊದಲು ತೇಲುವುದು ಕಲಿಯಲಿ, ಈಜು ತಾನಾಗಿ ಬರುತ್ತದೆ. ಈಜು ಬಂತೆಂದು ಒಂಟಿಯಾಗಿ ಕೆರೆಗೆ ಮಾತ್ರ ಬಿಡಬೇಡಿ. ನೀರಿರುವ ಕಡೆಯಲ್ಲೆಲ್ಲ ಒಂದು ಹಗ್ಗ, ಒಂದು ಬಿದಿರು ಕೈಗೆ ಸಿಗುವಂತೆ ಇಟ್ಟಿರಿ. ನಿಮ್ಮೂರಲ್ಲಿ ಕೊಳವಿಲ್ಲದಿದ್ದರೆ ಪಂಚಾಯ್ತಿಗೆ ಹೋಗಿ ಕೇಳಿ, ಒಬ್ಬರಲ್ಲ, ಹತ್ತು ಮನೆಯವರು ಸೇರಿ ಕೇಳಿ.

ನಿಮ್ಮ ಮಗು ನೀರಿಗೆ ಬೀಳುವ ಹೊತ್ತಿಗೆ ನೀವು ದಡದಲ್ಲಿರುತ್ತೀರಿ ಎಂದು ಯಾರೂ ಮಾತು ಕೊಡಲಾರರು. ಆ ಗಳಿಗೆಯಲ್ಲಿ ಮಗುವಿನ ಜೊತೆ ಇರುವುದು ಅದು ಕಲಿತದ್ದು ಮಾತ್ರ. ನಾಳೆ ಬೆಳಿಗ್ಗೆಯೇ ಅದನ್ನು ಕೊಳಕ್ಕೆ ಕರೆದುಕೊಂಡು ಹೋಗಿ.